ಹಿತ್ತಲ ಬಾಗಿಲು

ಡಾಕ್ಟರಾಗಿದ್ದ ದೊಡ್ಡಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನ, ಚಿಕ್ಕಪ್ಪ ಯಲಹಂಕದ ಮನೆಯ ಹಿತ್ತಲ ಬಾಗಿಲಿಗೆ ಬೀಗ ತಂದರು. "ಬೀದೀಲಿ ನಲ್ಲಿ ಬಂತಲ್ಲ, ಇನ್ನು ನಮ್ಮ ಬಾವಿಗೆ ಊರೋರೆಲ್ಲ ಯಾಕೆ ಬರ್ಬೇಕು?" ನಾನು ತಲೆಯಾಡಿಸಿದೆ. ಈ ಹತ್ತಾರು ದಿನ ನನಗೆ ಅಳುವೂ ಬಂದಿರಲಿಲ್ಲ.

ಬೀದಿಯ ಕಡೆ ದೊಡ್ಡಮ್ಮನ ಬೋರ್ಡಿತ್ತು, ಬೆಂಚಿತ್ತು. ಅಲ್ಲಿ ಕೂರುತ್ತಿದ್ದವರು ಗಂಡಸರು, ಮಕ್ಕಳು. ಹೇಳಿಕೊಳ್ಳಲಾಗದ ಕಾಯಿಲೆಯ ಹೆಂಗಸರು ನೀರಿಗೆ ಬಂದವರಂತೆ ಕೊಡ ಹಿಡಿದು ಹಿತ್ತಲಿಗೆ ಬರುತ್ತಿದ್ದರು. ದೊಡ್ಡಮ್ಮ ಅವರನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡುತ್ತಿದ್ದರು.

ಆ ಮಧ್ಯಾಹ್ನ ಕೆಳಗಿನ ಬೀದಿಯ ಲಕ್ಕಮ್ಮ ಬಂದಳು. ಬಾವಿಕಟ್ಟೆಯ ಮೇಲೆ ಕೊಡವಿಟ್ಟು ಅಲ್ಲೇ ಕುಸಿದಳು.

"ಎರಿಗೆ ಆದಾಗಿಂದ ರಕ್ತ ನಿಲ್ತಾನೇ ಇಲ್ಲ, ಅಮ್ಮಾವ್ರೆ. ನೀವೂ ದೊಡ್ಡ ಓದು ಓದಿದೀರಂತಲ್ಲ, ನೀವೇ ನೋಡ್ಬಿಡಿ."

"ನಾನು ಓದಿದ್ದು ಇತಿಹಾಸ, ಲಕ್ಕಮ್ಮ."

"ಅದ್ರಲ್ಲಿ ಇದು ಬರಲ್ವಾ?"

"ಬರಲ್ಲ."

ಅವಳು ಎದ್ದು ಬಾವಿಯ ಹಗ್ಗಕ್ಕೆ ಕೈಹಾಕಿದಳು. ಖಾಲಿ ಕೊಡ ಹೊತ್ತು ಹೋದರೆ ಅವಳ ಅತ್ತೆ ಕೇಳುತ್ತಾಳೆ. ನಾನೇ ಸೇದಿ ತುಂಬಿಸಿದೆ. ಆಮೇಲೆ ಯಾರೋ ಮಾತಾಡಿದ ಹಾಗೆ ನನ್ನ ಮಾತು ನನಗೇ ಕೇಳಿಸಿತು.

"ಬೆಳಿಗ್ಗೆ ಬಾ. ಬಸ್ಸಲ್ಲಿ ದೊಡ್ಡಾಸ್ಪತ್ರೆಗೆ ಹೋಗೋಣ. ಡಾಕ್ಟರಮ್ಮನ ಮನೆ ತೊಳೆಯೋಕೆ ಕರೆದವ್ರೆ ಅನ್ನು. ಬರುವಾಗ ಕೊಡ ತಾ, ಇಲ್ಲೇ ಇಟ್ಟು ಹೋಗೋಣ."

"ದಿನವೆಲ್ಲ ತೊಳೆಯೋವಷ್ಟು ಕೊಳೆಯಾ ಅಂತಾಳೆ ನಮ್ಮತ್ತೆ."

"ಹೂಂ ಅನ್ನು."

ಒಳಗೆ ಬಂದಾಗ ಚಿಕ್ಕಪ್ಪ ಬೀಗ ಹಿಡಿದು ನಿಂತಿದ್ದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಔಷಧಿ ಬೀರುವಿನ ಮೇಲಿಟ್ಟೆ.