ರಸಬಾಳೆ ಮಾದನ ಮೊದಲ ಮೈಕು

“ಬಾಳೆಹಣ್ಣು ಕೂಗೋ ಗಂಟ್ಲು ಕಣ್ಲಾ ನಿಂದು! ಆರ್ಕೆಸ್ಟ್ರಾ ಬೇಕಂತೆ ಇವುಂಗೆ!”

ತಿ. ನರಸೀಪುರದ ಛತ್ರದಲ್ಲಿ ಆರ್ಕೆಸ್ಟ್ರಾ ಓನರ್ ಚಂದ್ರಶೇಖರ್ ಮೈಕಿನಲ್ಲೇ ಹಂಗಿಸಿದ. ಮದುವೆಗೆ ಬಾಳೆಗೊನೆ ಇಳಿಸಲು ಬಂದವನು ಒಂದೇ ಒಂದು ಹಾಡಿಗೆ ಅವಕಾಶ ಕೇಳಿದ್ದೆ, ಅಷ್ಟೆ. ಮೈಯೆಲ್ಲ ಉರಿಯಿತು. ಮೈಕ್ ಕಿತ್ತುಕೊಂಡು, ನಮ್ಮೂರು ಕವಲಂದೆಯ ಬೀದಿಗಳಲ್ಲಿ ಹಣ್ಣು ಮಾರುತ್ತಾ ದಿನಾ ಕೂಗುವುದನ್ನೇ ರಾಗ ಎಳೆದು ಹಾಡಿದೆ.

“ಬಂತು ಬಂತು ರಸಬಾಳೆ...”

“ತತ್ತಾ ಮಾದು, ಒಂದು ಚಿಪ್ಪು!”

ಹೆಣ್ಣಿನ ಕಡೆಯವರೆಲ್ಲ ಕವಲಂದೆಯವರು. ಮನೆ ಬಾಗಿಲಲ್ಲಿ ನಿಂತು ದಿನಾ ಕೊಡುವ ಉತ್ತರವನ್ನೇ ಒಟ್ಟಿಗೆ ಹಾಡಿಬಿಟ್ಟರು. ಹಸೆಮಣೆಯ ಮೇಲೆ ಮದುಮಗಳೂ ಹಾಡಿದಳು.

“ನಮ್ ಮಾದ ಕಣ್ರೀ!” ಎಂದು ನಮ್ಮ ಬೀದಿಯ ಸಾಕಮ್ಮಜ್ಜಿ ಸೆರಗು ಸಿಕ್ಕಿಸಿ ಕುಣಿಯತೊಡಗಿತು. ಇನ್ನೊಂದು, ಮತ್ತೊಂದು ಎಂದು ಮಕ್ಕಳು ಬಿಡಲೇ ಇಲ್ಲ.

ಚಂದ್ರಶೇಖರ್ ಹತ್ತಿರ ಬಂದು ಹಲ್ಲು ಕಿರಿದ. “ನಾಳೆ ನಂಜನಗೂಡಲ್ಲಿ ಪ್ರೋಗ್ರಾಮದೆ, ಬತ್ತೀಯಾ ಮಾದಪ್ಪ?”

ಮೈಕನ್ನು ಅವನ ಕೈಗಿಟ್ಟು, ಗೊನೆ ತಂದಿದ್ದ ಆಟೋ ಕಡೆ ನಡೆದೆ. ಹಿಂದೆ ಛತ್ರ ಇನ್ನೂ ಚಿಪ್ಪು ಕೇಳುತ್ತಲೇ ಇತ್ತು.