ಮಿನಿಸ್ಟ್ರೊ ತಾರಸಿ ಇಳಿದದ್ದು

೨೦೧೯ರ ಜುಲೈ ೯, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಮಿನಿಸ್ಟ್ರೊ ತಾರಸಿಯಿಂದ ಇಳಿಯಿತು. ಇಳಿಯಿತು ಎನ್ನುವುದಕ್ಕಿಂತ ಇಳಿಸಿದರು ಎನ್ನುವುದೇ ಸರಿ. ಮುಂಗಾಲುಗಳು ಫೆರ್ಮಿನ್ ವಾಪಾಯಾನ ಹೆಗಲ ಮೇಲಿದ್ದವು, ಹಿಂಗಾಲುಗಳು ಅವನ ಸೋದರ ಸೊಸೆ ನೆಲಿದಾಳ ಕೈಯಲ್ಲಿ. ಹದಿನೆಂಟು ಮೆಟ್ಟಿಲೂ ನಾಯಿ ನಡುಗುತ್ತಲೇ ಇತ್ತು. ಮರಿಯಾಗಿದ್ದಾಗ ಒಮ್ಮೆ ಹತ್ತಿದ ಮೆಟ್ಟಿಲು ಅವು. ಒಂಬತ್ತು ವರ್ಷದಲ್ಲಿ ಇಳಿದದ್ದು ಅದೇ ಮೊದಲು.

ಲಿಮಾದ ಉತ್ತರದ ಗುಡ್ಡಗಳಿಗೆ ಅಂಟಿಕೊಂಡ ಕೋಮಾಸಿನಲ್ಲಿ ನಾಯಿಗಳದು ಎರಡೇ ಜಾತಿ: ಮನೆ ನಾಯಿ, ತಾರಸಿ ನಾಯಿ. ಮುಗಿಯದ ಮಹಡಿಯ ಕಬ್ಬಿಣದ ಸರಳು, ನೀರಿನ ಟ್ಯಾಂಕು, ಬಟ್ಟೆ ಹಗ್ಗ, ಜೊತೆಗೊಂದು ನಾಯಿ, ಇಷ್ಟಿದ್ದರೆ ಅದು ತಾರಸಿ. ತಾರಸಿ ನಾಯಿ ಬೀದಿಗೆ ಬರುವುದಿಲ್ಲ, ಯಾರೂ ಅದನ್ನು ತಿರುಗಾಡಿಸುವುದಿಲ್ಲ. ಅದು ಕಳ್ಳರಿಗಾಗಿ ಕಟ್ಟಿದ ಗಂಟೆ.

"ತಿನ್ನುತ್ತೆ, ಬೊಗಳುತ್ತೆ, ಒಂದ್ಸಲ ಮೇಲೆ ಹತ್ತಿದ್ಮೇಲೆ ಕೆಳಗಿಳಿಯಲ್ಲ. ಅದಕ್ಕೇ ಮಂತ್ರಿ ಅಂತ ಹೆಸರಿಟ್ಟದ್ದು," ಎಂದು ಫೆರ್ಮಿನ್ ಹೊಸಬರಿಗೆಲ್ಲ ಹೇಳುತ್ತಿದ್ದ. ಹೆಸರಿಟ್ಟವಳು ನಿಜಕ್ಕೂ ಅವನ ಹೆಂಡತಿ ಔರೆಯಾ. ಅವಳು ತೀರಿಹೋಗಿ ನಾಲ್ಕು ವರ್ಷವಾಗಿತ್ತು.

ಈಗ ಮಂತ್ರಿಯನ್ನು ಇಳಿಸಿದ್ದು ಒಂದು ದೂರು. ಬೀದಿಯವರೆಲ್ಲ ದೊನ್ಯ, ಅಂದರೆ ಅಮ್ಮಾವ್ರು, ಎಂದು ಕರೆಯುವ ಎದುರು ಮನೆಯ ಸೊರೈದಾ ಈಚೆಗೆ ಪಾಳಿ ಬದಲಾಗಿ ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ, ಬೆಳಗಾದ ಮೇಲೆ ಮಲಗುವವಳು. ಎರಡು ತಿಂಗಳು ಸಹಿಸಿ ನಗರಸಭೆಗೆ ಬರೆದಳು. ಬೊಗಳಿದ ಹೊತ್ತುಗಳನ್ನು ನಿಮಿಷದ ಲೆಕ್ಕದಲ್ಲಿ ಪಟ್ಟಿ ಮಾಡಿ ಲಗತ್ತಿಸಿದ್ದಳು. ಆ ಪಟ್ಟಿಯ ನಕಲಿನೊಂದಿಗೆ ಫೆರ್ಮಿನ್‌ಗೆ ಬಂದ ನಗರಸಭೆಯ ಕಾಗದವೂ ಅಷ್ಟೇ ಚೊಕ್ಕವಾಗಿತ್ತು. ನಾಯಿಗೆ ಮನೆಯೊಳಗೆ ತಕ್ಕ ಜಾಗ ಮಾಡಬೇಕು, ನೆರೆಯವರಿಗೆ ತೊಂದರೆಯಾಗಬಾರದು. ಶುಕ್ರವಾರ ಹನ್ನೊಂದಕ್ಕೆ ಬಂದು ನೋಡುತ್ತೇವೆ, ಎರಡರಲ್ಲಿ ಒಂದು ತಪ್ಪಿದ್ದರೂ ನಾಯಿಯನ್ನು ಊರಾಚೆಯ ದೊಡ್ಡಿಗೆ ಒಯ್ಯುತ್ತೇವೆ.

"ಅದನ್ನ ಒಯ್ದ್ರೆ ಅದೇ ವ್ಯಾನಲ್ಲಿ ನನ್ನನ್ನೂ ಹಾಕ್ಕೊಳ್ಳಿ," ಎಂದಿದ್ದ ಫೆರ್ಮಿನ್.

"ಮೂರು ದಿನ ಕೊಡು ಮಾವ. ಮನೆ ನಿನಗೂ ಹೊಂದಬೇಕು, ಅದಕ್ಕೂ ಹೊಂದಬೇಕು. ಅಳತೆ ಸರಿ ಇದ್ರೆ ಎಲ್ಲಾ ಸರಿಹೋಗುತ್ತೆ," ಎಂದಿದ್ದಳು ನೆಲಿದಾ.

ಎರಡು ವರ್ಷ ಭೌತಶಾಸ್ತ್ರ ಓದಿ ಆಮೇಲೆ ವಾಸ್ತುಶಿಲ್ಪಕ್ಕೆ ಬಂದವಳು ಅವಳು. ಅಳೆಯದೆ ಏನನ್ನೂ ನಂಬುತ್ತಿರಲಿಲ್ಲ. ಹಿಂದಿನ ವಾರ ತಾರಸಿಗೆ ಹೋಗಿ ನಾಯಿಯನ್ನು ನಿಲ್ಲಿಸಿ ಅಳೆದಿದ್ದಳು. ಹೆಗಲು ಐವತ್ತೊಂದು ಸೆಂಟಿಮೀಟರ್, ಕಣ್ಣು ಐವತ್ತೆಂಟು, ಮೂಗಿನಿಂದ ಬಾಲದ ಬುಡದವರೆಗೆ ತೊಂಬತ್ನಾಲ್ಕು. ಅದರಂತೆ ಫೆರ್ಮಿನ್‌ನ ಕೆಲಸದ ಕೋಣೆಯ ಅರ್ಧವನ್ನು ಬದಲಿಸಿದಳು. ಉಗುರು ಜಾರದ ನೆಲಹಾಸು ಬಂತು. ಕುತ್ತಿಗೆ ಬಗ್ಗಿಸದೆ ತಿನ್ನಲು ಮೂವತ್ತೆರಡು ಸೆಂಟಿಮೀಟರ್ ಎತ್ತರದ ಬಟ್ಟಲು. ಕಣ್ಣಿನ ಮಟ್ಟಕ್ಕೆ ಬೀದಿಯ ಕಡೆ ಕಬ್ಬಿಣದ ಜಾಲಿ ಹಾಕಿದ ಪುಟ್ಟ ಕಿಟಕಿ. ಹಾಸಿಗೆಯನ್ನು ಫೆರ್ಮಿನ್ನೇ ಹೊಲಿದ. ನಲವತ್ತು ವರ್ಷ ಬಸ್ಸುಗಳ ಸೀಟು ಹೊಲಿದ ಕೈ. ಹಾಸಿಗೆಯ ಅಂಚಿನ ಜೋಡು ಹೊಲಿಗೆ ನೋಡಿದರೆ ಯಾರಾದರೂ ಟಿಕೆಟ್ ತೆಗೆದುಕೊಂಡು ಕೂರಬೇಕು.

ಮಿನಿಸ್ಟ್ರೊ ಆ ಹಾಸಿಗೆಯನ್ನು ಮೂಸಲೂ ಇಲ್ಲ. ಬಾಗಿಲಿಗೆ ಹೋಯಿತು. ಬಾಗಿಲಿನಿಂದ ಮೆಟ್ಟಿಲ ಬುಡಕ್ಕೆ ಬಂತು. ಅಲ್ಲಿ ಅಡ್ಡ ಇಟ್ಟ ಹಲಗೆಗೆ ಮೂಗು ಒತ್ತಿ ನಿಂತು, ಮತ್ತೆ ಬಾಗಿಲಿಗೆ ಹೋಯಿತು. ಹತ್ತೂ ಹದಿನೈದಕ್ಕೆ, ಫೆರ್ಮಿನ್ ಮೂಲೆಯ ಗಾಡಿಯಲ್ಲಿ ಬಾರ್ಲಿ ಕಷಾಯ ಕುಡಿಯಲು ಹೊರಟ ಮೇಲೆ, ತಲೆಯೆತ್ತಿ ಒಂದು ಊಳು ಹಾಕಿತು. ಗೋಡೆಗೆ ತಗಲಿದ್ದ ಕತ್ತರಿಗಳು ಗುಂಯ್ ಎಂದವು.

ದೊನ್ಯ ಸೊರೈದಾ ಮಲಗುವ ಬಟ್ಟೆಯ ಮೇಲೇ ಕೋಟು ತೊಟ್ಟು ಬಂದಳು. "ತಾರಸಿ ಮೇಲಿದ್ದಾಗ ಬೊಗಳ್ತಿತ್ತು ಅಷ್ಟೇ. ಕೆಳಗಿಳಿಸಿ ಏನು ಕಲಿಸಿದಿರಿ, ಸಾವಿನ ಪ್ರಾರ್ಥನೇನಾ?"

"ಹೊಸ ಜಾಗ ಅಲ್ವಾ ಅಕ್ಕಾ, ಒಂದೆರಡು ದಿನ..." ಎಂದಳು ನೆಲಿದಾ.

"ನನಗೆ ದಿನ ಇಲ್ಲಮ್ಮಾ ಇಂಜಿನಿಯರಮ್ಮಾ. ನನಗಿರೋದು ಬರೀ ಬೆಳಗಿನ ನಿದ್ದೆ. ಆರೂವರೆಯಿಂದ ಎರಡರ ತನಕ. ಅದನ್ನೂ ನಿಮ್ಮ ಮಂತ್ರಿಗೆ ಬರೆದುಕೊಡ್ಲಾ?"

ಆ ಹೆಂಗಸಿನ ಕಣ್ಣ ಕೆಳಗಿನ ಕಪ್ಪು ಸುಳ್ಳಾಗಿರಲಿಲ್ಲ.

ಬುಧವಾರ ಅವಳು ಆಫೀಸಿಗೆ ರಜೆ ಹಾಕಿ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಹೊರಗೆ ಲಿಮಾದ ಜುಲೈ ಚಳಿಗಾಲದ ಮಂಜುಹನಿ. ಮಳೆಯೂ ಅಲ್ಲದ, ಬಿಡುವೂ ಇಲ್ಲದ ತೇವ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ನಾಯಿ ಜಾಗ ಬದಲಿಸಿದಾಗಲೆಲ್ಲ ಎಲ್ಲಿದೆ ಎಂದು ಗುರುತು ಹಾಕಿದಳು. ಒಂದು ಗಂಟೆಯಲ್ಲಿ ಬಾಗಿಲು ಮತ್ತು ಮೆಟ್ಟಿಲ ನಡುವೆ ನಲವತ್ತಮೂರು ಸುತ್ತು. ಹಾಸಿಗೆಯ ಮೇಲೆ ಸೊನ್ನೆ. ಕಿಟಕಿಯ ಬಳಿ ಎರಡು ಸಲ, ಒಟ್ಟು ಹನ್ನೊಂದು ಸೆಕೆಂಡು. ಕೋಳಿ ಕತ್ತು ಬೇಯಿಸಿ ಹಾಕಿದ ಅನ್ನ ಬಟ್ಟಲಲ್ಲೇ ತಣ್ಣಗಾಯಿತು. ಉಗುರುಗಳ ಟಕ್ ಟಕ್ ಟಕ್ ಕೇಳಿ ಕೇಳಿ ಅವಳ ಕಾಲೂ ತಾನಾಗಿ ಕುಣಿಯತೊಡಗಿತು.

ನೆಲಹಾಸಿನ ವಾಸನೆಯೇ? ತೆಗೆದಳು. ಬಟ್ಟಲಿನ ಎತ್ತರವೇ? ಇಳಿಸಿದಳು. ಹಾಸಿಗೆಯ ಜಾಗವೇ? ಮೂರು ಸಲ ಬದಲಿಸಿದಳು. ಪ್ರತಿ ಸಲವೂ ಒಂದೇ ಒಂದು ಸಂಗತಿ ಬದಲಿಸಿ ಇಪ್ಪತ್ತು ನಿಮಿಷ ಕಾಯುವುದು, ಅದೇ ಅವಳು ಕಲಿತ ಕ್ರಮ. ಆದರೆ ಶುಕ್ರವಾರ ಯಾವ ಕ್ರಮಕ್ಕೂ ಕಾಯುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪುಟದ ಅಂಚಿನಲ್ಲಿ ತನಗರಿವಿಲ್ಲದೆ ಇನ್ನೊಂದು ಸಾಲು ಬರೆದಿದ್ದನ್ನು ಕಂಡಳು. *ಮಾವ ಎದ್ದ. ಮಾವ ಕೂತ. ಮಾವ ಎದ್ದ.* ನಾಯಿಯಷ್ಟೇ ಮಾವನೂ ಸುತ್ತುತ್ತಿದ್ದ. ಸೂಜಿಗೆ ದಾರ ಏರಿಸಿ ಮೇಜಿನ ಮೇಲಿಡುತ್ತಿದ್ದ, ಎದ್ದು ನೀರು ಕುಡಿಯುತ್ತಿದ್ದ, ಮತ್ತೆ ಬಂದು ಬೇರೊಂದು ಸೂಜಿ ಹುಡುಕುತ್ತಿದ್ದ.

"ನಿನಗೇನಾಯ್ತು ಮಾವ?"

"ನನಗೇನಾಗುತ್ತೆ. ನಾಯಿ ನೋಡು ನೀನು."

"ರಾತ್ರಿ ಮಲಗಿದ್ಯಾ?"

ಫೆರ್ಮಿನ್ ಸೂರಿನ ಕಡೆ ಗಲ್ಲ ಎತ್ತಿದ. "ಅಲ್ಲಿ ಮೇಲೆ ಉಗುರಿನ ಸದ್ದಿಲ್ಲ. ಒಂಬತ್ತು ವರ್ಷ ಅದನ್ನ ಕೇಳ್ತಾ ಮಲಗಿದೋನು. ಈಗ ಸುಮ್ನೆ ಅಂದ್ರೆ ಸುಮ್ನೆ. ಕಳ್ಳ ಬಂದ್ರೂ ಅದಕ್ಕಿಂತ ಸದ್ದಾಗುತ್ತೆ."

ಮನೆಯನ್ನು ನಾಯಿಗೆ ಅಳೆದಿದ್ದಳು, ಮಾವನಿಗೆ ಅಳೆದಿರಲಿಲ್ಲ. ಅದನ್ನು ಬರೆದುಕೊಳ್ಳುವ ಧೈರ್ಯವಾಗದೆ ಅವಳು ಪುಟ ಮಗುಚಿದಳು.

ಗುರುವಾರ ಬೆಳಿಗ್ಗೆ ಊಳು ಆರೂ ಐವತ್ತಕ್ಕೇ ಎದ್ದಿತು. ಫೆರ್ಮಿನ್ ಬ್ರೆಡ್ಡು ತರಲು ಹೋಗಿದ್ದ. ಅವನು ಹಿಂದಿರುಗಿದ. ಬ್ರೆಡ್ಡಿನ ಚೀಲವನ್ನು ಮೇಜಿನ ಮೇಲಿಟ್ಟು, "ನಾಳೆ ವ್ಯಾನು ಬರೋ ಮುಂಚೆ ಅದಕ್ಕೆ ಸ್ನಾನ ಮಾಡಿಸ್ಬೇಕು. ಕೊಳಕಾಗಿ ಕಳಿಸಿದ್ರೆ ಔರೆಯಾ ಬೈತಾಳೆ," ಎಂದ.

"ಕಳಿಸೋದಿಲ್ಲ ಮಾವ."

"ನೀನು ಬಟ್ಟಲು ಎತ್ತಿದೆ, ಬಟ್ಟಲು ಇಳಿಸಿದೆ. ಒಳ್ಳೆ ಹುಡುಗಿ ನೀನು. ಸಾಕು."

ಆ 'ಸಾಕು' ಅವಳನ್ನು ಕುಳಿತಲ್ಲಿ ಕೂರಗೊಡಲಿಲ್ಲ. ನಾಯಿಗೆ ಗೂಡೆಂದು ಇಟ್ಟಿದ್ದ ಹಳೆಯ ಪೀಪಾಯಿಯನ್ನು ಎತ್ತಿ ಬಿಸಾಡುತ್ತೇನೆಂದು ಹೇಳಿ ತಾರಸಿಗೆ ಹತ್ತಿದಳು. ನಿಜಕ್ಕೂ ಅವಳಿಗೆ ಯಾರ ಮುಖವೂ ಬೇಡವಾಗಿತ್ತು.

ಪೀಪಾಯಿಯೊಳಗೆ ಜೇಡರ ಬಲೆಯಿತ್ತು. ನಾಯಿ ಅಲ್ಲಿ ಮಲಗಿದ ಗುರುತೇ ಇರಲಿಲ್ಲ. ಬೀದಿಯ ಕಡೆಯ ಕೈಗೋಡೆಯಲ್ಲಿ, ಎಲ್ಲಕ್ಕಿಂತ ಕೆಳಗಿನ ಸಾಲುಗಳಲ್ಲಿ ಮಾತ್ರ ಎರಡು ಇಟ್ಟಿಗೆ ಕಾಣೆಯಾಗಿದ್ದವು. ಉಳಿದ ಇಟ್ಟಿಗೆಗಳೆಲ್ಲ ಮರಳಿನ ಹಾಗೆ ಒರಟು. ಆ ಕಂಡಿಯ ಅಂಚು ಮಾತ್ರ ಚರ್ಚಿನ ಬೆಂಚಿನಂತೆ ನುಣುಪಾಗಿ, ಕಪ್ಪಗೆ ಹೊಳೆಯುತ್ತಿತ್ತು. ಕೂದಲಿನ ಜಿಡ್ಡು. ಒಂಬತ್ತು ವರ್ಷ ಗಲ್ಲ ಉಜ್ಜಿದ ಹೊಳಪು.

ನೆಲಿದಾ ಒದ್ದೆ ಕಾಂಕ್ರೀಟಿನ ಮೇಲೆ ಬೋರಲು ಮಲಗಿ, ತನ್ನ ಗಲ್ಲವನ್ನು ಅಲ್ಲಿ ಇಟ್ಟಳು.

ಕಳ್ಳ ಹತ್ತಬಹುದಾದ ಹಿಂದಿನ ಗೋಡೆ ಅಲ್ಲಿಂದ ಕಾಣುತ್ತಲೇ ಇರಲಿಲ್ಲ. ಕಂಡದ್ದು ಬೀದಿಯಂಚಿನಲ್ಲಿ ಮಾವ ಹಗಲೆಲ್ಲ ಕೂತು ಹೊಲಿಯುವ ಬೆಂಚು, ಅಲ್ಲಿಂದ ಮೂಲೆಯವರೆಗಿನ ಬೀದಿ. ಅಷ್ಟೇ. ಈಗ ಆ ಬೀದಿಯಲ್ಲಿ ಮಾವನೇ ಎರಡನೆಯ ಸಲ ಹೋಗುತ್ತಿದ್ದ, ದಾರದುಂಡೆ ತರಲು. ಮೂಲೆ ತಿರುಗಿ ಮರೆಯಾದ, ಹೆಜ್ಜೆಯ ಸದ್ದೂ ನಿಂತಿತು. ಆ ಕ್ಷಣಕ್ಕೆ, ಕೆಳಗಿನ ಕೋಣೆಯಲ್ಲಿ ಊಳು ಎದ್ದಿತು.

ಅವಳು ದಡದಡನೆ ಇಳಿದು ನಗರಸಭೆಯ ಕಾಗದಕ್ಕೆ ಚುಚ್ಚಿದ್ದ ಸೊರೈದಾಳ ಪಟ್ಟಿಯನ್ನು ಕಿತ್ತು ತಂದಳು. ಫೆರ್ಮಿನ್ ಬರುವ ತನಕ ಬಾಗಿಲಲ್ಲೇ ನಿಂತಿದ್ದಳು.

"ಮಾವ, ಆರೂ ಐವತ್ತಕ್ಕೆ ದಿನಾ ಏನ್ಮಾಡ್ತೀಯ?"

"ಬ್ರೆಡ್ಡು."

"ಹತ್ತೂ ಹದಿನೈದಕ್ಕೆ?"

"ಕಷಾಯ. ಯಾಕೆ, ಅದಕ್ಕೂ ದೂರಾ?"

"ಒಂದೂ ಐದಕ್ಕೆ?"

"ಊಟಕ್ಕೆ, ಕೋಳಿ ಸಾರಿನ ಅಂಗಡೀಗೆ. ಏನಮ್ಮಾ ಇದು, ಪೊಲೀಸಾ?"

ನೆಲಿದಾ ಪಟ್ಟಿ ಅವನ ಕೈಗಿತ್ತಳು. ಎರಡು ತಿಂಗಳಲ್ಲಿ ಐವತ್ತೇಳು ಹಗಲುಗಳು, ದಿನಕ್ಕೆ ಮೂರು ಸಲ, ಅವೇ ಹೊತ್ತುಗಳು. "ಕಳ್ಳರಿಗಲ್ಲ ಮಾವ ಅದು ಬೊಗಳೋದು. ಮೂಲೆ ತಿರುಗಿದ್ಮೇಲೆ ನೀನು ಕಾಣ್ಸಲ್ಲ. ಅದಕ್ಕೆ."

ಫೆರ್ಮಿನ್ ಪಟ್ಟಿಯ ಸಾಲುಗಳ ಮೇಲೆ ಬೆರಳು ಓಡಿಸಿದ. "ಒಂಬತ್ತು ವರ್ಷ ಇಡೀ ಬೀದೀಗೆ ಹೇಳ್ಕೊಂಡು ಬಂದೆ," ಎಂದ, "ನಮ್ಮ ಮಂತ್ರಿ ಇದ್ರೆ ಕಳ್ಳ ಹತ್ರ ಸುಳಿಯಲ್ಲ ಅಂತ." ಆಮೇಲೆ ನಾಯಿಯ ಕಡೆ ತಿರುಗಿ, "ಏ ಬೋಳಿಮಗನೆ," ಎಂದ.

ನೆಲಿದಾ ತನ್ನ ಕಿಟಕಿಯ ಮುಂದೆ ಮೊಣಕಾಲೂರಿ ಕೂತಳು. ಐವತ್ತೆಂಟು ಸೆಂಟಿಮೀಟರ್ ಎತ್ತರದಿಂದ ಕಂಡದ್ದು ಪಕ್ಕದ ಮನೆಯವನ ಮೋಟೊಟ್ಯಾಕ್ಸಿಯ ಮೂರು ಚಕ್ರ. ಟೇಪು ಹಿಡಿದಾಗ ನಾಯಿ ನಿಂತಿತ್ತು, ಆದ್ದರಿಂದ ನಿಂತ ನಾಯಿಯನ್ನು ಅಳೆದಿದ್ದಳು. ಆ ನಾಯಿ ಬದುಕಿದ್ದು ಮಲಗಿಕೊಂಡು, ಎತ್ತರದಿಂದ ನೋಡುತ್ತ.

ಹನ್ನೊಂದನೆಯ ಮೆಟ್ಟಿಲಿನ ಮೇಲೆ ಮೆಟ್ಟಿಲು ತಿರುಗುವ ಕಡೆ ಒಂದು ಚೌಕವಿತ್ತು. ತಗಡಿನ ಸೂರು, ಮೂರು ಕಡೆ ಗೋಡೆ, ಒಂದು ಗೋಡೆ ಬೀದಿಗೆ. ಅಂದರೆ ಮನೆಯ ಒಳಗೇ. ಅದರ ಕೆಳಗೆ ಸರಿಯಾಗಿ ಫೆರ್ಮಿನ್‌ನ ಮಂಚ.

"ಮಾವ, ಉಳಿ ಎಲ್ಲಿದೆ?"

"ಎಷ್ಟು ದೊಡ್ಡ ಕಂಡಿ?"

"ಹೇಳ್ತೀನಿ. ಮೊದಲು ಅದು ಮಲಗ್ಲಿ."

ಅಡ್ಡ ಹಲಗೆಯನ್ನು ಚೌಕದ ಮೇಲಿನ ಮೆಟ್ಟಿಲಿಗೆ ಸರಿಸಿದ ಕೂಡಲೇ ಮಿನಿಸ್ಟ್ರೊ ಚೌಕದವರೆಗೆ ಓಡಿ, ಗೋಡೆಯ ಮುಂದೆ ನಿಂತು, ಸುತ್ತಿ, ಕೊನೆಗೆ ಅರೆಮನಸ್ಸಿನಿಂದ ಕೂತು, ಮುಂಗಾಲು ಚಾಚಿತು. ನೆಲಿದಾ ಅದರ ಗಲ್ಲದ ಕೆಳಗೆ ಟೇಪು ಹಿಡಿದಳು. ಮಧ್ಯಾಹ್ನವೆಲ್ಲ ಫೆರ್ಮಿನ್ ಇಟ್ಟಿಗೆ ಕೆತ್ತಿದ, ಅವಳು ಧೂಳು ಬಾಚಿದಳು, ನಾಯಿ ಇಬ್ಬರ ಕಾಲಿಗೂ ಅಡ್ಡ ಬಂತು. ಕಂಡಿಯ ಅಂಚಿಗೆ ಫೆರ್ಮಿನ್ ಸೀಟಿನ ರೆಕ್ಸಿನ್ ಹೊದಿಸಿದ. ಇನ್ನೊಂದು ಕೆಲಸವನ್ನು ಅವನೇ ಯೋಚಿಸಿದ. ಹಳೆಯ ಬಸ್ಸಿನ ಸೀಟ್‌ಬೆಲ್ಟು ಕತ್ತರಿಸಿ, ನಾಲ್ಕು ಸಾಲು ಹೊಲಿಗೆ ಹಾಕಿ, ಒಂದು ಹಗ್ಗ ಮಾಡಿದ.

"ತಾರಸಿ ನಾಯೀನ ಬೀದೀಲಿ ಎಳ್ಕೊಂಡು ಹೋದ್ರೆ ಜನ ನಗ್ತಾರೆ," ಎಂದ.

"ನಗ್ಲಿ. ಮೂಲೆ ತನಕ ತಾನೆ."

ಶುಕ್ರವಾರ ಆರೂ ಐವತ್ತಕ್ಕೆ ಮಿನಿಸ್ಟ್ರೊ ಮೊದಲ ಬಾರಿ ಬೀದಿಯ ಮಣ್ಣು ತುಳಿಯಿತು. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಫೆರ್ಮಿನ್‌ನ ಕಾಲಿಗೆ ಅಂಟಿಕೊಂಡು. ಬ್ರೆಡ್ಡಿನ ಅಂಗಡಿಯವಳು ನಕ್ಕಳು. ಹತ್ತೂ ಹದಿನೈದಕ್ಕೆ ಕಷಾಯದ ಗಾಡಿಯವನೂ ನಕ್ಕ. ಮನೆಯಲ್ಲಿ ನೆಲಿದಾ ಗಡಿಯಾರ ನೋಡುತ್ತ ಕೋಣೆಯನ್ನು ಸುತ್ತುತ್ತಿದ್ದಳು: ಬಾಗಿಲಿನಿಂದ ಮೆಟ್ಟಿಲು, ಮೆಟ್ಟಿಲಿನಿಂದ ಬಾಗಿಲು.

ಹನ್ನೊಂದೂ ಐದಕ್ಕೆ ನಗರಸಭೆಯವನು ಕಡತ ಹಿಡಿದು ಬಂದ. ಬೀದಿಯಲ್ಲಿ ವ್ಯಾನು ಎಂಜಿನ್ ಆರಿಸದೆ ನಿಂತಿತ್ತು. ಅದರ ಹಿಂದಿನಿಂದ ದೊನ್ಯ ಸೊರೈದಾ ಕೆದರಿದ ತಲೆಯಲ್ಲೇ ದಾಟಿ ಬಂದಳು.

"ನೀವೇನಾ ದೂರು ಕೊಟ್ಟವರು?" ಎಂದು ಅವನು ಕೇಳಿದ.

"ನಾನೇ. ಹತ್ತೂ ಹದಿನೈದಕ್ಕೆ ಎಚ್ಚರ ಆಯ್ತು."

"ಬೊಗಳ್ತಾ?"

"ಬೊಗಳ್ಲಿಲ್ಲ! ಅದಕ್ಕೇ ಎಚ್ಚರ ಆಯ್ತು. ಮಂತ್ರಿ ಸತ್ತೇಹೋಯ್ತಾ ಅಂತ ಎದ್ದು ಕಿಟಕೀಲಿ ಇಣುಕಿದೆ. ನೋಡಿದ್ರೆ ಈ ಮುದುಕನ ಜೊತೆ ಕಷಾಯಕ್ಕೆ ಹೋಗ್ತಿದೆ." ಅವಳು ಕೋಟಿನ ಗುಂಡಿ ಹಾಕಿಕೊಂಡಳು. "ಬರ್ಕೊಳ್ಳಿ, ಇವತ್ತು ಸದ್ದಿಲ್ಲ. ನಾಳೆ ಇದ್ರೆ ನಾಳೆ ಮತ್ತೆ ಬರೀತೀನಿ, ಬಿಡೋದಿಲ್ಲ. ಈಗ ನನ್ನ ಮಲಗೋಕೆ ಬಿಡಿ."

ಅವಳು ಹೋದಳು. ನಗರಸಭೆಯವನು ಮೆಟ್ಟಿಲು ಹತ್ತಿ ಚೌಕದ ಬಳಿ ನಿಂತ. ಮಿನಿಸ್ಟ್ರೊ ರೆಕ್ಸಿನ್ ಅಂಚಿನ ಮೇಲೆ ಗಲ್ಲವಿಟ್ಟು, ಕೆಳಗೆ ಬೆಂಚಿನ ಮೇಲೆ ಕೂತ ಫೆರ್ಮಿನ್‌ನನ್ನು ನೋಡುತ್ತಿತ್ತು. ಹಿಂದೆ ಹೊಸಬನ ಬೂಟುಗಳು ಬಂದು ನಿಂತರೂ ತಿರುಗಲಿಲ್ಲ. ಬಾಲದ ತುದಿ ಮಾತ್ರ ಇನ್ನೂ ಅದುರುತ್ತಿತ್ತು.

"ಒಳಾಂಗಣ ಜಾಗ, ಸರಿ. ಗಾಳಿ ಬೆಳಕು, ಸರಿ," ಎನ್ನುತ್ತ ಅವನು ಗುರುತು ಹಾಕಿದ. ಕೆಳಗೆ ವ್ಯಾನಿನ ಎಂಜಿನ್ ಆರಿತು. "ಈ ಕಿಟಕಿ ಇಷ್ಟು ಕೆಳಗೆ ಯಾಕೆ? ಎತ್ತರ ಎಷ್ಟು ಅಂತ ಬರೀಲಿ?"

ನೆಲಿದಾ ನೋಟ್‌ಬುಕ್ ತೆರೆಯಲಿಲ್ಲ.

"ನೆಲದಿಂದ ಇಪ್ಪತ್ತೊಂದು ಸೆಂಟಿಮೀಟರ್."