ಹಳದಿ ಹಕ್ಕಿಗೆ ಕನ್ಯಾ ನೋಡಲು ಹೋದದ್ದು

ಅಂಗಡಿ ಸಾಮಾನು ತರಲು ಹುಬ್ಬಳ್ಳಿಗೆ ಹೋದ ನಮ್ಮ ಮನೆಯವರು, ಗುರುಪಾದ, ಬರುವಾಗ ಪಂಜರದಲ್ಲಿ ಒಂದು ಹಳದಿ ಕ್ಯಾನರಿ ಹಕ್ಕಿಯನ್ನೂ ತಂದರು. "ಭಾಳ ಚಲೋ ಹಾಡ್ತೈತಂತ" ಎಂದರು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಪಾರಿವಾಳ ಸಾಕಿದವರುಂಟು, ಕ್ಯಾನರಿ ಕಂಡವರಿಲ್ಲ. ಬಂದವರೆಲ್ಲ "ಹಾಡಸ್ರಿ ನೋಡೂಣು" ಎನ್ನುವವರೇ. ಅದು ನವಣೆ ತಿನ್ನುವುದು, ಬಾಲ ಕುಣಿಸುವುದು, ನನ್ನನ್ನು ಒಂದೇ ಕಣ್ಣಿನಿಂದ ನೋಡುವುದು, ಇಷ್ಟೇ. ಹಾಡಲು ಬಾಯಿ ಬಿಡಲಿಲ್ಲ.

"ಒಂಟಿ ಆಗೇತ್ರಿ ಪಾಪ. ಜೋಡಿ ಬೇಕು ಅದಕ್ಕ" ಎಂದಳು ಬಳೆ ಮಾರಲು ಬರುವ ಮುಮತಾಜಬಿ.

ಪಂಜರದಲ್ಲಿ ಕನ್ನಡಿ ತೂಗುಹಾಕಿದೆ. ಕುಕ್ಕಿ ನೋಡಿ ಬೆನ್ನು ತಿರುಗಿಸಿತು. ಮೊಬೈಲಿನಲ್ಲಿ ಬೇರೆ ಕ್ಯಾನರಿಯ ಹಾಡು ಹಚ್ಚಿದೆ. ಮೂಲೆ ಸೇರಿತು. ಸರಿ, ಜೋಡಿಯನ್ನೇ ತರೋಣವೆಂದರೆ ಇದು ಗಂಡೋ ಹೆಣ್ಣೋ? ಹಕ್ಕಿ ಮಾರಿದ ಬಾಬುಸಾಬನಿಗೆ ಫೋನು ಮಾಡಿ ಕೇಳಿದೆ.

"ನೋಡಿದ್ರ ತಿಳಿಯಂಗಿಲ್ರಿ ಅಕ್ಕಾರ. ಹಾಡಿದ್ರ ಗಂಡು" ಎಂದ.

"ಹಾಡವಲ್ದು ಅಂದ್ರ ಹೆಣ್ಣೇನು?"

"ಹಂಗಂತ ಹೇಳಾಕ ಬರೂದಿಲ್ರಿ. ಅದಕ್ಕ ಮನಸ ಆಗಿಲ್ಲೋ ಏನೋ."

ಹಕ್ಕಿ ಮಾರುವವನಿಗೇ ತಿಳಿಯದ್ದು ನನಗೇನು ತಿಳಿದೀತು?

ಇಲ್ಲಿ ನಮ್ಮ ಗೋಡೆಯ ವಿಷಯ ಹೇಳಬೇಕು. ಹಿತ್ತಲನ್ನು ನಡುವೆ ಸೀಳಿ ನಿಂತ ಗೋಡೆ ಅದು. ಆಚೆ ನಮ್ಮ ಭಾವ ಗುರುಸಂಗಪ್ಪನವರ ಮನೆ. ಅವರ ಹೆಂಡತಿ ನಾಗರತ್ನಾ ನನ್ನ ನೆಗೆಣ್ಣಿ. ಅಣ್ಣತಮ್ಮಂದಿರು ಈಗಲೂ ಒಂದೇ ಕಿರಾಣಿ ಅಂಗಡಿಯಲ್ಲಿ ಕೂಡುತ್ತಾರೆ, ಒಂದೇ ಚಹಾವನ್ನು ಅರ್ಧರ್ಧ ಹಂಚಿಕೊಂಡು ಕುಡಿಯುತ್ತಾರೆ. ಮಾತು ಬಿಟ್ಟವರು ನಾವಿಬ್ಬರೇ. ನನ್ನ ತಾಯಿಗೆ ಉಡಿ ತುಂಬುವಾಗ ಅವಳು ಬಣ್ಣ ಮಾಸಿದ ಕುಬಸದ ಕಣದ ಬಟ್ಟೆ ಇಟ್ಟಳು. ನಾನು ಅದನ್ನು ಎಲ್ಲರ ಎದುರು ಬಿಚ್ಚಿ ತೋರಿಸಿದೆ. ಅಲ್ಲಿಂದ ಮನೆ ಎರಡಾಯಿತು.

ಮಾತು ಬಿಟ್ಟೆವೆಂದರೆ ಬಾಯಿ ಮುಚ್ಚಿದೆವೆಂದಲ್ಲ. ಅವಳು ಭಾಂಡಿ ತಿಕ್ಕುತ್ತ ಭಾಂಡಿಗೆ ಬೈಯುತ್ತಿದ್ದಳು. ನಾನು ಅರಿವೆ ಒಗೆಯುತ್ತ ಅರಿವೆಗೆ ಬೈಯುತ್ತಿದ್ದೆ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ನಮ್ಮ ಗೋಡೆ ಕೇಳಿಸಿಕೊಂಡಷ್ಟು ಯಾವ ಗೋಡೆಯೂ ಕೇಳಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಪಂಜರವನ್ನು ಆ ಗೋಡೆಯ ಮೊಳೆಗೆ ಹಾಕಿ ಒಳಗೆ ಬಂದಿದ್ದೆ. ಹಿತ್ತಲಲ್ಲಿ ಹಾಡು ಎದ್ದಿತು! ಓಡಿ ಹೋಗಿ ನೋಡಿದರೆ ನಮ್ಮ ಹಕ್ಕಿ ಗೋಡೆಗೆ ಮುಖ ಮಾಡಿ ಗಂಟಲು ಉಬ್ಬಿಸಿ ಹಾಡುತ್ತಿದೆ. ಆಚೆಯಿಂದಲೂ ಅದೇ ದನಿ. ಸಂಜೆ ವಿಚಾರಿಸಿದರೆ ಗುರುಪಾದ ತಲೆ ಕೆರೆದುಕೊಂಡರು. ನಮ್ಮ ಹಕ್ಕಿಯ ಸುದ್ದಿ ಕೇಳಿ ನಾಗರತ್ನಾ ಹಟ ಹಿಡಿದಿದ್ದಳಂತೆ. ಭಾವನವರು ಅದೇ ಬಾಬುಸಾಬನಿಂದ ಇನ್ನೊಂದು ತಂದಿದ್ದರು.

ಆದರೂ ಆಚೆಯ ದನಿ ನಮ್ಮದರದೇ ಮಾರ್ದನಿ ಎಂದು ನಾನು ತೀರ್ಮಾನಿಸಿದೆ. ಮರುದಿನ ಅರಿವೆ ಹಿಂಡುತ್ತ, "ನಮ್ಮ ಹಕ್ಕಿ ಏನ ಹಾಡ್ತೈತವಾ!" ಎಂದು ಅರಿವೆಗೆ ಹೇಳಿದೆ.

"ನಮ್ಮ ಹಕ್ಕಿ ಹಾಡಿದ್ದ ಕೇಳಿ ಕೆಲವರು ತಮ್ಮದ ಅಂತಾರ" ಎಂದು ಆಚೆ ಭಾಂಡಿಗೆ ಉತ್ತರ ಹೋಯಿತು. ಅದರ ಹಿಂದೆಯೇ, "ದೃಷ್ಟಿ ಆದೀತು" ಎನ್ನುತ್ತ ಅವಳು ತನ್ನ ಪಂಜರ ಒಳಗೆ ಒಯ್ದ ಸಪ್ಪಳವೂ ಕೇಳಿತು.

ನಮ್ಮ ಹಕ್ಕಿಯ ಹಾಡು ಅಂದೇ ನಿಂತಿತು. ಹಾಡು ಹೋಗಲಿ, ನವಣೆಯನ್ನೂ ಮುಟ್ಟದಾಯಿತು. ಗರಿ ಕೆದರಿಕೊಂಡು, ಗೋಡೆಗೆ ಮುಖ ಮಾಡಿ ಕೂತೇ ಇತ್ತು. ಅಂಗೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಇದು ಬದುಕುವುದಿಲ್ಲ ಎನ್ನಿಸಿ ನನಗೆ ಊಟ ಸೇರಲಿಲ್ಲ. ಅದಕ್ಕೆ ಬೇಕಾದದ್ದು ಗೋಡೆಯಾಚೆ ಇತ್ತು. ಕೇಳುವುದು ಹೇಗೆ? ಇಷ್ಟು ದಿನದ ಬಿಗುಮಾನ ಒಂದು ಹಿಡಿ ಗರಿಗಾಗಿ ಬಿಡುವುದೇ?

ತಲೆ ಕೆಡಿಸಿಕೊಂಡು ಒಂದು ದಾರಿ ಹುಡುಕಿದೆ. ನಮ್ಮದು ಹಾಡುತ್ತದೆ, ಅಂದಮೇಲೆ ಗಂಡು. ಹಾಗಾದರೆ ಅವರದು ಹೆಣ್ಣು. ನಾವು ಗಂಡಿನ ಕಡೆಯವರು. ಕನ್ಯಾ ನೋಡಲು ಗಂಡಿನ ಕಡೆಯವರೇ ಹೋಗಬೇಕಾದದ್ದು ರೀತಿ. ನಾನು ಹೋದರೆ ಸೋತಂತಲ್ಲ, ರೀತಿ ನಡೆಸಿದಂತೆ.

ಪಂಚಮಿಯ ಮುಂಚಿನ ರೊಟ್ಟಿ ಹಬ್ಬವೂ ಬಂದಿತ್ತು. ಓಣಿಯ ಹೆಂಗಸರೆಲ್ಲ ಮನೆಮನೆಗೆ ರೊಟ್ಟಿ ಕೊಟ್ಟು ಬರುವ ದಿನ. ಮನೆ ಒಡೆದಾಗಿನಿಂದ ನಮ್ಮ ತಾಟು ಆ ಒಂದು ಬಾಗಿಲನ್ನು ಬಿಟ್ಟು ಊರೆಲ್ಲ ತಿರುಗುತ್ತಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಜೋಡಿಸಿಕೊಂಡು, ಇನ್ನೊಂದು ಕೈಯಲ್ಲಿ ಪಂಜರ ಹಿಡಿದು ಹೋದೆ.

ನಾಗರತ್ನಾ ಬಾಗಿಲಲ್ಲೇ ನಿಂತಿದ್ದಳು.

"ಕನ್ಯಾ ನೋಡಾಕ ಬಂದೇನಕ್ಕಾ" ಎಂದೆ. "ನಮ್ಮದು ಗಂಡು, ನಿಮ್ಮದು ಹೆಣ್ಣು."

"ನಮ್ಮದು ಹೆಣ್ಣ ಅಂತ ಯಾರ ಅಂದ್ರ ನಿನಗ? ಹಾಡಾಕತ್ತಿದ್ದು ನಮ್ಮದು! ಬರೂದಿದ್ರ ನಾನ ಬರಬೇಕಾಗಿತ್ತು" ಎಂದು ದನಿ ಏರಿಸಿದವಳು ಅಲ್ಲಿಗೇ ಇಳಿದಳು. "ಒಳಗ ಒಯ್ದಾಗಿಂದ ಕಾಳ ಮುಟ್ಟವಲ್ದವಾ ಅದು. ನಾನೂ ತಾಟ ತುಂಬಿ ಇಟ್ಟೇನಿ. ಬರೂದೋ ಬ್ಯಾಡೋ ಅಂತ ಮುಂಜಾನಿಂದ ಗ್ವಾಡಿ ನೋಡ್ಕೋತ ಕುಂತೀನಿ."

ಅವಳ ಹಿಂದೆ ಕಟ್ಟೆಯ ಮೇಲೆ ತಾಟು ಇತ್ತು.

ಗಂಡು ಯಾವುದು, ಹೆಣ್ಣು ಯಾವುದು ಎಂಬುದನ್ನು ಹಕ್ಕಿಗಳಿಗೇ ಬಿಟ್ಟು, ಪಡಸಾಲೆಯಲ್ಲಿ ಎರಡೂ ಪಂಜರ ಎದುರುಬದುರು ಇಟ್ಟೆವು. ಅವಳು ಎರಡಕ್ಕೂ ಅರಿಸಿನ ಕುಂಕುಮ ಏರಿಸಿದಳು. ಗಂಡಸರಿಬ್ಬರೂ ಅಂಗಡಿಯಿಂದ ಊಟಕ್ಕೆ ಬಂದವರು ನಗುತ್ತ ನಿಂತರು. ನಮ್ಮ ಹಕ್ಕಿಯನ್ನು ಅವರ ಪಂಜರಕ್ಕೆ ಬಿಟ್ಟದ್ದೇ ತಡ, ಮದುವೆ ಹೋಗಿ ಕುಸ್ತಿಯಾಯಿತು. ಕೊಕ್ಕಿಗೆ ಕೊಕ್ಕು, ಕಾಲಿಗೆ ಕಾಲು. ಪಡಸಾಲೆಯ ತುಂಬ ಹಳದಿ ಗರಿ ಹಾರಿದವು. ಬಿಡಿಸುವಷ್ಟರಲ್ಲಿ ನಾಗರತ್ನಾಳ ಬೆರಳಿಗೆ ರಕ್ತ ಬಂದಿತ್ತು.

ಫೋನಿನಲ್ಲಿ ಬಾಬುಸಾಬ ನಕ್ಕ. "ಎರಡೂ ಹಾಡ್ತಿದ್ವು ಅಂದ್ರ ಎರಡೂ ಗಂಡು ಇರಬೇಕ್ರಿ. ಒಂದಕ್ಕೊಂದು ಬೈದಾಡ್ಕೋತ ಹಾಡಿರ್ತಾವು. ಜೋಡಿ ಇಡಬ್ಯಾಡ್ರಿ."

ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟು ಇಂಪಾಗಿ ಹಾಡಿದ್ದೆಲ್ಲ ಬೈಗುಳವೇ? ಬೈಯುವವನು ಕಾಣೆಯಾದರೆ ಹಬ್ಬ ಮಾಡಬೇಕು, ಇವು ಯಾಕೆ ಸಾಯಲು ಕೂತವು?

ಗುರುಪಾದರೂ ಅದನ್ನೇ ಕೇಳಿದರು. "ವೈರಿ ದನಿ ಕೇಳವಲ್ದು ಅಂತ ಯಾರರ ಊಟ ಬಿಡ್ತಾರೇನು?"

ನಾಗರತ್ನಾ ನನ್ನ ತಾಟಿನ ಸಜ್ಜಿ ರೊಟ್ಟಿಯನ್ನು ಚೂರು ಚೂರು ಮುರಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ನೀ ತವರಿಗೆ ಹ್ವಾದಾಗೊಮ್ಮೆ ನನಗ ಭಾಂಡಿ ತಿಕ್ಕಾಕ ಮನಸ ಆಗತಿದ್ದಿಲ್ಲ, ನಿರ್ಮಲಾ."

ನಾನು ಅತ್ತುಬಿಟ್ಟೆ. ಗಂಡಸರಿಬ್ಬರೂ ಗಾಬರಿಯಾಗಿ ಹಕ್ಕಿಗಳ ಕಡೆ ನೋಡಿದರು.

ಈಗ ಎರಡೂ ಪಂಜರಗಳು ಗೋಡೆಯ ಆಚೆ ಒಂದು, ಈಚೆ ಒಂದು ತೂಗುತ್ತವೆ. ನವಣೆ ಹಾಕಿದಷ್ಟೂ ಖಾಲಿಯಾಗುತ್ತದೆ. ಮಧ್ಯಾಹ್ನವಾದರೆ ಸಾಕು, ಒಂದನ್ನೊಂದು ಕಾಣದೆ ಗಂಟಲು ಹರಿಯುವಂತೆ ಹಾಡುತ್ತವೆ. ಅದು ಸಂಗಾತವೋ ಜಗಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಅದೇ ಹೊತ್ತಿಗೆ ನಾಗರತ್ನಾ ಭಾಂಡಿ ತಿಕ್ಕಲು ಕೂಡುತ್ತಾಳೆ, ಬೈಗುಳವೂ ಸುರುವಾಗುತ್ತದೆ. ನಾನು ಒಗೆಯುವ ಅರಿವೆ ಬಿಟ್ಟು ಕೂಗುತ್ತೇನೆ:

"ಯಾರಿಗೆ ಬೈಯಾಕತ್ತೀ ಅಕ್ಕಾ?"

"ನಿನಗ" ಎನ್ನುತ್ತಾಳೆ.